ಮ್ಯೂಟ್ ಮೇಡಂಗೆ ಬುದ್ಧಿ ಕಲಿಸಿದ್ದು

ಫೆಬ್ರವರಿ 3, ಸೋಮವಾರ

ಹೆರಿಗೆ ರಜೆ ಮುಗಿಯಿತು. ಇವತ್ತಿನಿಂದ ಮತ್ತೆ ಕೆಲಸ. ಪುಟ್ಟಿಯನ್ನು ಅತ್ತೆಯ ಕೈಗೆ ಕೊಟ್ಟು ಮೆಟ್ಟಿಲಿಳಿಯುವಾಗ ತಿರುಗಿ ನೋಡಬಾರದು ಅಂದುಕೊಂಡಿದ್ದೆ, ನೋಡಿಬಿಟ್ಟೆ. ಬಾಯಿ ಚಪ್ಪರಿಸುತ್ತಿದ್ದಳು. ಬೆಳಿಗ್ಗೆ ಎರಡೂ ಕಡೆ ಕುಡಿಸಿಯೇ ಹೊರಟಿದ್ದೆ, ಆದರೂ ಈ ಹುಡುಗಿಗೆ ತೃಪ್ತಿ ಅನ್ನುವುದೇ ಇಲ್ಲ. ಕುಡಿಯುವಾಗ ನನ್ನ ಕಿರುಬೆರಳು ಅವಳ ಮುಷ್ಟಿಯಲ್ಲಿರಬೇಕು. ಬಿಡಿಸಿಕೊಂಡರೆ ಕುಡಿಯುವುದನ್ನು ನಿಲ್ಲಿಸಿ ದುರುಗುಟ್ಟಿಕೊಂಡು ನೋಡುತ್ತಾಳೆ. ಕೋಪದಲ್ಲಂತೂ ನನ್ನ ಮಗಳೇ.

ಆಫೀಸಿನಲ್ಲಿ ಏನೂ ಬದಲಾಗಿಲ್ಲ. ಅದೇ ಉದ್ದನೆಯ ಹಾಲ್, ಸಾಲು ಸಾಲು ಮೇಜು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಹೆಂಗಸರು. ಮಕ್ಕಳ ಹಾಲಿನ ಪುಡಿ ಮಾಡುವ ಕಂಪನಿಯ ಸಹಾಯವಾಣಿ ನಮ್ಮದು. ಪುಡಿ ಎಷ್ಟು ಹಾಕಬೇಕು, ನೀರು ಎಷ್ಟು ಬಿಸಿಯಿರಬೇಕು, ಮಗು ಕಕ್ಕಿತು, ಮಗು ಎರಡು ದಿನದಿಂದ ಕಕ್ಕ ಮಾಡಿಲ್ಲ ಅಂತ ತಾಯಂದಿರು ಫೋನ್ ಮಾಡುತ್ತಾರೆ. ಪ್ರತಿ ಕರೆಗೂ ಮೊದಲು ಒಂದು ವಾಕ್ಯ ಹೇಳಲೇಬೇಕು, ಅದು ಕಾನೂನು: "ಮಗುವಿಗೆ ತಾಯಿಯ ಹಾಲಿಗಿಂತ ಉತ್ತಮವಾದದ್ದು ಬೇರೆ ಇಲ್ಲ." ಆಮೇಲೆ ಪುಡಿಯ ಗುಣಗಾನ. ಫೋನ್ ಮಾಡಿದವರು ಇಡುವವರೆಗೆ ನಾವು ಇಡುವಂತಿಲ್ಲ, ಅದು ಕಂಪನಿಯ ನಿಯಮ.

ಬೆಳಿಗ್ಗೆಯಿಂದ ಆ ವಾಕ್ಯ ಹೇಳಿ ಹೇಳಿ ಮಧ್ಯಾಹ್ನದ ಹೊತ್ತಿಗೆ ನನ್ನ ಎದೆ ಕಲ್ಲಾಗಿತ್ತು.

ನಮ್ಮ ಸಾಲಿಗೆ ಒಂದೇ ಕೆಂಪು ಕಾರ್ಡು. ಎದ್ದು ಹೋಗುವವರು ಅದನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು, ಒಬ್ಬರು ಬರುವವರೆಗೆ ಇನ್ನೊಬ್ಬರು ಏಳುವಂತಿಲ್ಲ. ಕಾರ್ಡು ಮೇಲ್ವಿಚಾರಕಿಯ ಮೇಜಿನ ಮೇಲಿರುತ್ತದೆ. ಅವಳಿಗೆ ನಾವಿಟ್ಟ ಹೆಸರು ಮ್ಯೂಟ್ ಮೇಡಂ. ಫೋನಿನ ಪಕ್ಕದಲ್ಲಿ ಒಂದು ಗುಂಡಿಯಿದೆ, ಒತ್ತಿ ಹಿಡಿದರೆ ಕೆಂಪು ದೀಪ ಹತ್ತುತ್ತದೆ, ಆ ಕಡೆಯವರಿಗೆ ನಮ್ಮ ದನಿ ಕೇಳಿಸುವುದಿಲ್ಲ. ಯಾರನ್ನಾದರೂ ಬೈಯಬೇಕಾದಾಗ ಬಂದು ಪಕ್ಕದಲ್ಲಿ ನಿಂತು ಮೊದಲು "ಮ್ಯೂಟ್ ಹಾಕು" ಅನ್ನುತ್ತಾಳೆ, ಆಮೇಲೆ ಶುರು ಹಚ್ಚಿಕೊಳ್ಳುತ್ತಾಳೆ. ಆ ಕಡೆಯ ತಾಯಿ ಪಾಪ, ನಾವು ಏನೋ ಹುಡುಕುತ್ತಿದ್ದೇವೆ ಅಂತ ಕಾಯುತ್ತಿರುತ್ತಾಳೆ.

ಕಾರ್ಡು ಕೇಳಿದೆ.

"ಈಗ ತಾನೆ ಊಟಕ್ಕೆ ಹೋಗಿ ಬಂದ್ಯಲ್ಲ?"

"ಅದು ಊಟಕ್ಕೆ ಮೇಡಂ. ಇದು ಹಾಲು ಹಿಂಡೋಕೆ. ಚಿಕ್ಕ ಮಗು ಇರೋರನ್ನ ಮಧ್ಯೆ ಎರಡು ಸಲ ಬಿಡ್ಬೇಕು ಅಂತ ಕಾನೂನಿದೆ. ಅದಕ್ಕೇಂತ ಒಂದು ಕೋಣೆನೂ ಇರ್ಬೇಕು."

"ಕೋಣೆ ಇದೆಯಲ್ಲಮ್ಮ. ಯಾರು ಇಲ್ಲ ಅಂದ್ರು?"

ಇದೆ. ಕಾರಿಡಾರಿನ ಕೊನೆಯಲ್ಲಿದೆ, ಬಾಗಿಲಿಗೆ ತಾಯಿ ಮಗುವಿನ ಚಿತ್ರವನ್ನೂ ಅಂಟಿಸಿದ್ದಾರೆ. ಒಳಗೆ ಕಾಲು ಮುರಿದ ಕುರ್ಚಿಗಳು ಮತ್ತು ಹಳೆಯ ಕ್ಯಾಲೆಂಡರುಗಳ ಕಟ್ಟು. ಕ್ಯಾಲೆಂಡರಿನ ತುಂಬ ನಮ್ಮ ಪುಡಿ ಕುಡಿದ ಗುಂಡು ಗುಂಡು ಮಕ್ಕಳು. ಒಳಗೆ ಕಾಲಿಡಲು ಜಾಗವಿಲ್ಲ. ಕೊನೆಗೆ ಶೌಚಾಲಯದಲ್ಲಿ ನಿಂತುಕೊಂಡು ಹಿಂಡಿ ಚೆಲ್ಲಿದೆ. ನನ್ನ ಮಗಳ ಊಟ ಚರಂಡಿ ಪಾಲಾಯಿತು.

ಸಂಜೆ ಹೊರಡುವಾಗ ಮೇಡಂ ನಗುನಗುತ್ತಾ ಒಂದು ಉಡುಗೊರೆ ಕೊಟ್ಟಳು. ರಜೆ ಮುಗಿಸಿ ಬಂದ ತಾಯಂದಿರಿಗೆ ಕಂಪನಿಯ ಕಾಣಿಕೆಯಂತೆ. ಬಿಚ್ಚಿದರೆ ಪುಡಿಯ ಡಬ್ಬಿಗಳು. ತಂದು ಬೀರುವಿನ ಮೇಲೆ ಎಸೆದೆ.

ಫೆಬ್ರವರಿ 5, ಬುಧವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಮಧ್ಯಾಹ್ನ ಒಬ್ಬ ಅಜ್ಜಿ ಫೋನ್ ಮಾಡಿದಳು. ಡಬ್ಬಿಯ ಮುಚ್ಚಳ ಮೊದಲು ನೀಲಿಯಿತ್ತು, ಈಗ ಯಾಕೆ ಹಸಿರು ಅಂತ ಕೇಳಿದಳು. ಉತ್ತರ ಹೇಳಿದ ಮೇಲೂ ಇಡಲಿಲ್ಲ. ಸೊಸೆಯ ದೂರು, ಮಗನ ದೂರು, ಮೊಣಕಾಲಿನ ದೂರು ಎಲ್ಲ ಬಂತು. ಅವಳ ಹಿಂದೆ ಮಗು ಅಳುತ್ತಿತ್ತು. ಯಾವ ಮಗು ಅತ್ತರೇನು, ನನ್ನ ಎದೆಗೆ ಅದು ಗೊತ್ತಾಗುತ್ತದೆಯೇ? ಎರಡೂ ಕಡೆ ಸೋರಿ ಅಂಗಿಯ ಮುಂಭಾಗವೆಲ್ಲ ತೊಯ್ದುಹೋಯಿತು.

ಮ್ಯೂಟ್ ಮೇಡಂ ಬಂದು ಮೇಜಿನ ಮೇಲೆ ಕಾಗದದ ಕರವಸ್ತ್ರ ಎಸೆದಳು. "ಮ್ಯೂಟ್ ಹಾಕು. ಒರೆಸ್ಕೊ. ಹುಳಿ ವಾಸನೆ ಹೊಡೀತಿದೆ, ಪಕ್ಕದಲ್ಲಿರೋರೂ ಕೆಲ್ಸ ಮಾಡ್ಬೇಕಲ್ವಾ?"

ಇಡೀ ಸಾಲು ಕೇಳಿಸಿಕೊಂಡಿತು. ಪಕ್ಕದ ಸೀಟಿನ ಅಕ್ಕ ತಲೆ ಎತ್ತಲಿಲ್ಲ. ಲೆಕ್ಕ ವಿಭಾಗದ ಇಬ್ಬರು ಗಂಡಸರು ನೀರು ಕುಡಿಯುವ ನೆಪದಲ್ಲಿ ನಿಂತು ನೋಡಿದರು. ಅವಮಾನದಲ್ಲಿ ಮೈಯೆಲ್ಲ ಉರಿದುಹೋಯಿತು.

ಇವಳಿಗೆ ಬುದ್ಧಿ ಕಲಿಸದಿದ್ದರೆ ನಾನು ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ.

ಫೆಬ್ರವರಿ 11, ಮಂಗಳವಾರ

ನಿನ್ನೆ ಒಂದು ಪ್ರಯತ್ನ ಮಾಡಿದೆ. ಕೆಂಪು ಕಾರ್ಡನ್ನು ಶೌಚಾಲಯದ ಕಿಟಕಿಯಿಂದ ಹೊರಗೆ ಹಾಕಿ, ಕಳೆದುಹೋಯಿತು ಅಂದೆ. ಮೇಡಂ ಒದ್ದಾಡಲಿ ಅಂತ. ಒದ್ದಾಡಿದ್ದು ನಮ್ಮ ಸಾಲು. ಹೊಸ ಕಾರ್ಡು ಬರುವವರೆಗೆ ಯಾರೂ ಏಳಕೂಡದು ಅಂದಳು. ಪಕ್ಕದ ಸೀಟಿನ ಅಕ್ಕ ಸಂಜೆ ಲಿಫ್ಟಿನಲ್ಲಿ ಹೇಳಿದಳು, "ಸೇಡು ತೀರಿಸ್ಕೊಳ್ಳೋದಾದ್ರೆ ನೆಟ್ಟಗೆ ತೀರಿಸ್ಕೊ ಮಾರಾಯ್ತಿ. ನಮ್ಮ ಮೂತ್ರಕೋಶದ ಮೇಲೆ ಯಾಕೆ?" ನಗು ಬಂತು. ಸರಿಯಾಗಿಯೇ ಹೇಳಿದಳು. ಸಣ್ಣ ಕೆಲಸದಿಂದ ಇವಳು ಬಗ್ಗುವುದಿಲ್ಲ.

ಮನೆಗೆ ಬಂದರೆ ಇನ್ನೊಂದು. ಬೀರುವಿನ ಮೇಲಿದ್ದ ಡಬ್ಬಿ ಅಡುಗೆಮನೆಗೆ ಇಳಿದಿದೆ. ಮುಚ್ಚಳ ತೆರೆದಿದೆ, ಸೀಸೆ ತೊಳೆದು ಬೋರಲು ಹಾಕಿದ್ದಾರೆ.

"ಯಾರನ್ನ ಕೇಳಿ ಕೊಟ್ರಿ ಅತ್ತೆ?"

"ಪುಟ್ಟಿನೇ ಕೇಳಿದ್ಳು. ಕಿರುಚಿ ಕಿರುಚಿ ಕೇಳಿದ್ಳು. ನಾನೇನು ಹಾಡು ಹೇಳಿ ಹೊಟ್ಟೆ ತುಂಬಿಸ್ಲಾ? ನೀನು ಹಿಂಡಿಟ್ಟಿದ್ದು ಹತ್ತು ಗಂಟೆಗೇ ಮುಗೀತು."

"ಮಗುವಿಗೆ ತಾಯಿಯ ಹಾಲಿಗಿಂತ ಉತ್ತಮವಾದದ್ದು ಬೇರೆ ಇಲ್ಲ ಅತ್ತೆ."

"ಫೋನಲ್ಲಿ ಮಾತಾಡಿದ ಹಾಗೆ ನನ್ ಹತ್ರ ಮಾತಾಡ್ಬೇಡ. ತಾಯಿ ಎಲ್ಲಿದ್ಳು ಆಗ?"

ಪುಟ್ಟಿಯನ್ನು ಎತ್ತಿಕೊಂಡು ಬಾಗಿಲು ಹಾಕಿಕೊಂಡೆ. ಕುಡಿದಳು, ಕಿರುಬೆರಳು ಹಿಡಿದೇ ಕುಡಿದಳು. ಅವಳ ಉಸಿರಿಗೆ ನಮ್ಮ ಕಂಪನಿಯ ವಾಸನೆಯಿತ್ತು. ಇದನ್ನೂ ಮ್ಯೂಟ್ ಮೇಡಂ ಲೆಕ್ಕಕ್ಕೇ ಬರೆದುಕೊಂಡೆ.

ಫೆಬ್ರವರಿ 20, ಗುರುವಾರ

ಮೂರು ದಿನ ಜ್ವರ. ಬಲಗಡೆ ಎದೆ ಕೆಂಪಾಗಿ, ಮುಟ್ಟಿದರೆ ಜೀವ ಹೋಗುವ ಹಾಗಿತ್ತು. ಗಂಡ ಅರ್ಧ ದಿನ ಕೆಲಸ ಬಿಟ್ಟು ಆಸ್ಪತ್ರೆಗೆ ಕರೆದುಕೊಂಡು ಹೋದ. ಅವನು ಲಿಫ್ಟ್ ರಿಪೇರಿ ಮಾಡುವವನು, ಅಲ್ಲಿನ ಲಿಫ್ಟು ಸದ್ದು ಮಾಡುತ್ತಿದೆ ಅಂತ ಅದನ್ನೇ ನೋಡುತ್ತಾ ನಿಂತ.

ಡಾಕ್ಟರ್ ಮಾತ್ರೆ ಬರೆದುಕೊಟ್ಟರು. ಮಾತಾಡಿದ್ದು ನರ್ಸಮ್ಮ. "ಹಾಲು ಕಟ್ಟಿಕೊಳ್ಳೋಕೆ ಬಿಡ್ಬೇಡಿ. ಮಗುಗೆ ಕುಡಿಸಿ, ಇಲ್ಲಾಂದ್ರೆ ಹಿಂಡಿ ತೆಗೀರಿ. ತೆಗೀತಾ ಇದ್ರೆ ಬರ್ತಾ ಇರುತ್ತೆ. ತೆಗೀದೆ ಬಿಟ್ರೆ, ಇನ್ನು ಬೇಡವಂತೆ ಅಂದ್ಕೊಂಡು ದೇಹ ನಿಲ್ಲಿಸಿಬಿಡುತ್ತೆ."

"ಕೆಲಸದಲ್ಲಿ ಬಿಡಲ್ಲ."

"ಬಿಡ್ಲೇಬೇಕು. ಅದು ನಿಮ್ಮ ಹಕ್ಕು, ಅವರು ಮಾಡೋ ಉಪಕಾರ ಅಲ್ಲ."

ಕೇಳಲು ಚೆನ್ನಾಗಿತ್ತು. ನರ್ಸಮ್ಮನನ್ನು ಎತ್ತಿಕೊಂಡು ಹೋಗಿ ನಮ್ಮ ಆಫೀಸಿನ ಮಧ್ಯೆ ನಿಲ್ಲಿಸಬೇಕು ಅನ್ನಿಸಿತು.

ಜ್ವರದ ಮೂರು ದಿನವೂ ಪುಟ್ಟಿ ಪಕ್ಕದಲ್ಲೇ ಇದ್ದಳು. ಸೀಸೆ ಕಣ್ಣಿಗೆ ಬೀಳಲಿಲ್ಲ. ಅವಳು ಕುಡಿದಷ್ಟೂ ನೋವು ಇಳಿಯಿತು. ನನ್ನ ಔಷಧಿ ಅವಳೇ.

ಫೆಬ್ರವರಿ 24, ಸೋಮವಾರ

ಹೊಳೆಯಿತು. ಬಸ್ಸಿನಲ್ಲಿ ನಿಂತಿದ್ದಾಗ ಇದ್ದಕ್ಕಿದ್ದ ಹಾಗೆ ಹೊಳೆದು ನಾನೊಬ್ಬಳೇ ನಕ್ಕೆ, ಎದುರಿನವರು ಮುಖ ತಿರುಗಿಸಿಕೊಂಡರು.

ಮೇಡಂ ನಾಲಿಗೆ ಹರಿಬಿಡುವುದು ನಾವು ಮ್ಯೂಟ್ ಹಾಕಿದ್ದೇವೆ ಅನ್ನುವ ಧೈರ್ಯದ ಮೇಲೆ. ಗುಂಡಿಯ ಮೇಲಿರುವುದು ನನ್ನ ಬೆರಳು. ಒತ್ತಿ, ಅವಳು ನೋಡಿದ ಮೇಲೆ ಮೆತ್ತಗೆ ಬಿಟ್ಟುಬಿಟ್ಟರೆ? ಆ ಕಡೆಯ ತಾಯಿ ಎಲ್ಲ ಕೇಳಿಸಿಕೊಳ್ಳುತ್ತಾಳೆ. ಪ್ರತಿ ಕರೆಯೂ ರೆಕಾರ್ಡ್ ಆಗುತ್ತದೆ. ಅಳಿಸುವ ಅಧಿಕಾರ ಮೇಡಂಗೆ ಇಲ್ಲ.

ಅವಳ ಗುಂಡಿ ಅವಳೇ ತೋಡಿಕೊಳ್ಳಲಿ. ನಾನು ಅಂಚಿನಲ್ಲಿ ನಿಂತಿದ್ದರೆ ಸಾಕು.

ಮಾರ್ಚ್ 4, ಮಂಗಳವಾರ

ಇವತ್ತು ವಿಚಿತ್ರ ನಡೆಯಿತು. ಮಧ್ಯಾಹ್ನ ಮೇಡಂ ಪಕ್ಕದಲ್ಲಿ ಬಂದು ಬಗ್ಗಿದಳು. ಈಗ ಬಿತ್ತು ಬಲೆಗೆ ಅಂದುಕೊಂಡು ಬೆರಳು ಗುಂಡಿಯ ಮೇಲಿಟ್ಟೆ. ಅವಳು ಮ್ಯೂಟ್ ಹಾಕು ಅನ್ನಲಿಲ್ಲ, ಕರೆ ಮುಗಿಯುವವರೆಗೆ ಸುಮ್ಮನೆ ನಿಂತಳು. ಆಮೇಲೆ ಪಿಸುಮಾತಿನಲ್ಲಿ, "ಜ್ವರ ಬಂದಿತ್ತಂತೆ. ನೋಡು, ಮಧ್ಯಾಹ್ನ ನನ್ನ ಕ್ಯಾಬಿನ್ ಖಾಲಿ ಇರುತ್ತೆ. ಒಳಗಡೆಯಿಂದ ಚಿಲಕ ಹಾಕ್ಕೊ. ದಿನಾ ಹೋಗಿ ಬಾ. ದೊಡ್ಡ ಸಾಹೇಬ್ರಿಗೆ ಗೊತ್ತಾಗೋದು ಬೇಡ, ನನ್ನನ್ನ ಬದುಕೋಕೆ ಬಿಡಲ್ಲ" ಅಂದಳು.

ಈ ಕ್ಯಾಬಿನ್ ಒಂದು ತಿಂಗಳ ಹಿಂದೆ ಎಲ್ಲಿತ್ತು? ಕರವಸ್ತ್ರ ಎಸೆದ ಕೈ ಈಗ ಬೆಣ್ಣೆ ಸವರಲು ಬಂದಿದೆ.

"ಬೇಡ ಮೇಡಂ. ಲೈನಲ್ಲಿ ಜನ ಕಾಯ್ತಿದಾರೆ" ಅಂದೆ.

"ಹಟ ಮಾಡ್ಬೇಡ. ನಾನೂ ಹೆತ್ತವಳೇ. ನನಗೆ ಯಾರೂ ಚಿಲಕ ಇರೋ ಬಾಗಿಲು ಕೊಡ್ಲಿಲ್ಲ. ಕೆಲ್ಸಕ್ಕೆ ವಾಪಸ್ ಬಂದು ಇಪ್ಪತ್ತು ದಿನಕ್ಕೆ ಹಾಲು ನಿಂತೋಯ್ತು."

"ನನಗೆ ಏನೂ ತೊಂದ್ರೆ ಇಲ್ಲ ಮೇಡಂ."

ಅವಳ ಮುಖ ಸಪ್ಪಗಾಯಿತು. ನನಗೆ ಖುಷಿಯಾಯಿತು. ಆ ಕ್ಯಾಬಿನ್ನಿಗೆ ಹೋಗಿಬಿಟ್ಟರೆ ಅವಳು ಒಳ್ಳೆಯವಳಾಗಿ ಬಿಡುತ್ತಾಳೆ, ಆಮೇಲೆ ನಾನು ಯಾರ ಮೇಲೆ ಸೇಡು ತೀರಿಸಿಕೊಳ್ಳಲಿ? ಸಂಜೆಯವರೆಗೂ ಹಲ್ಲು ಕಚ್ಚಿಕೊಂಡು ಕೂತೆ.

ಮಾರ್ಚ್ 6, ಗುರುವಾರ

ಇವತ್ತೂ ಕ್ಯಾಬಿನ್ನಿನ ಕಡೆ ಕಣ್ಣಿನಲ್ಲೇ ಸನ್ನೆ ಮಾಡಿದಳು. ನೋಡದವಳ ಹಾಗೆ ಇದ್ದೆ. ಪಕ್ಕದ ಸೀಟಿನ ಅಕ್ಕ, "ಹೋಗ್ಬಾರದಾ? ಕೊಡ್ತೀನಿ ಅಂತಿದಾಳಲ್ಲ" ಅಂದಳು. ಇವಳನ್ನೂ ಮೇಡಂ ಕೊಂಡುಕೊಂಡಿದ್ದಾಳೋ ಏನೋ.

ಮಾರ್ಚ್ 10, ಸೋಮವಾರ

ಬೈಯುತ್ತಲೇ ಇಲ್ಲ. ನನಗೆ ಬೇಕಾದಾಗ ಬೈಯುವುದಿಲ್ಲ ಈ ಹೆಂಗಸು.

ಅಂಗಿ ಒದ್ದೆಯಾದರೆ ಸಿಟ್ಟು ಬರಬಹುದು ಅಂತ ಒಳಗೆ ಬಟ್ಟೆ ಇಟ್ಟುಕೊಳ್ಳದೆ ಹೋದೆ. ಮೊದಲಿನ ಹಾಗೆ ಸೋರಲಿಲ್ಲ. ಒಂದು ಸಣ್ಣ ಕಲೆ, ಅಷ್ಟೆ. ನೋವು ಕೂಡ ಕಡಿಮೆಯಾಗಿದೆ. ಒಳ್ಳೆಯದೇ ಆಯಿತು, ತಲೆ ಚುರುಕಾಗಿರುತ್ತದೆ.

ಪುಟ್ಟಿ ಮಲಗಿದ್ದಳು. ಸೀಸೆ ಖಾಲಿ ಮಾಡಿದಳಂತೆ. ಅತ್ತೆಯ ಜೊತೆ ಜಗಳ ಮಾಡಲು ಇವತ್ತು ಪುರಸೊತ್ತಿರಲಿಲ್ಲ, ನಾಳೆಗೆ ಯೋಚಿಸಬೇಕಿತ್ತು.

ಮಾರ್ಚ್ 13, ಗುರುವಾರ

ಆಯಿತು. ಗೆದ್ದೆ. ಎಲ್ಲ ವಿವರವಾಗಿ ಬರೆದಿಡುತ್ತೇನೆ, ಮುಂದೆ ಓದಿಕೊಂಡು ಖುಷಿಪಡಬೇಕು.

ಬೆಳಿಗ್ಗೆಯೇ ದೊಡ್ಡ ಸಾಹೇಬರು ನಮ್ಮ ಮಹಡಿಗೆ ಬಂದಿದ್ದರು. ಕಂಪನಿಯ ಮುಖ್ಯಸ್ಥರು, ಯಾವಾಗಲೋ ಒಮ್ಮೆ ಕಾಣಿಸುವವರು. ಗೋಡೆಯ ಮೇಲಿನ ಬೋರ್ಡಿನಲ್ಲಿ ಕಾಯುತ್ತಿರುವ ಕರೆಗಳ ಸಂಖ್ಯೆ ಕೆಂಪಾಗಿ ಏರುತ್ತಿತ್ತು. ಅವರು ಮೇಡಂ ಕಡೆ ತಿರುಗಿ, "ಏನ್ರೀ ಇದು? ನಿಮ್ಮ ಹುಡುಗೀರು ನಿದ್ದೆ ಮಾಡ್ತಿದಾರಾ?" ಅಂದರು. ಎಲ್ಲರ ಎದುರಿಗೆ ಅವಳ ನೀರಿಳಿಸಿ ಕೆಳಗೆ ಹೋದರು. ಮೇಡಂ ಮುಖ ಸುಟ್ಟ ಹಾಗಾಗಿತ್ತು. ಇವತ್ತೇ ಅಂದುಕೊಂಡೆ.

ನನ್ನ ಲೈನಿನಲ್ಲಿ ಒಬ್ಬ ಚಿಕ್ಕ ಪ್ರಾಯದ ತಾಯಿ. ಹೆರಿಗೆಯಾಗಿ ಹನ್ನೊಂದು ದಿನ. ಹಾಲು ಸಾಲುವುದಿಲ್ಲ, ಪುಡಿ ಶುರು ಮಾಡಲೇ ಅಂತ ಅಳುತ್ತಾ ಕೇಳುತ್ತಿದ್ದಳು. ಕಡ್ಡಾಯದ ವಾಕ್ಯ ಹೇಳಿ, ಒಂದು ನಿಮಿಷ ಇರಿ ಅಂದು, ಹಾಲು ಹಿಂಡಲು ಹೋಗಬೇಕು ಅಂತ ಮೇಡಂ ಕಡೆ ಕೈ ಎತ್ತಿದೆ. ಮೇಡಂ ದೂರದಿಂದಲೇ ಬೇಡ ಅಂತ ಸನ್ನೆ ಮಾಡಿದಳು. ಮತ್ತೆ ಎತ್ತಿದೆ. ಮತ್ತೆ ಬೇಡ ಅಂದಳು. ಮೂರನೆಯ ಸಲ ಎದ್ದೇ ನಿಂತೆ.

ದಡದಡ ಬಂದಳು. "ಮ್ಯೂಟ್ ಹಾಕು."

ಒತ್ತಿದೆ. ಕೆಂಪು ದೀಪ ಹತ್ತಿತು. ಅವಳು ನೋಡಿದಳು. ನಾನು ಮೈಯನ್ನು ಅಡ್ಡ ಇಟ್ಟು ಬೆರಳು ತೆಗೆದೆ. ದೀಪ ಆರಿತು.

"ಕ್ಯಾಬಿನ್ ಕೊಟ್ರೆ ಬೇಡ. ಈಗ, ಈ ಹೊತ್ತಲ್ಲಿ, ಸಾಹೇಬ್ರು ನನ್ನ ತಲೆ ಮೇಲೆ ಕೂತಿರೋವಾಗ ಬೇಕು. ಹಾಲು ಕೊಡೋದಕ್ಕೆ ಇದೇನು ಕೊಟ್ಟಿಗೆನಾ? ಅಷ್ಟೊಂದು ಡಬ್ಬಿ ಯಾಕೆ ಕೊಟ್ಟಿರೋದು ನಿಮಗೆ? ಬತ್ತಿಸ್ಕೊ. ಪುಡಿ ಕುಡಿಸು, ಕೆಲ್ಸ ಮಾಡು. ಇಲ್ಲಿ ಫೋನ್ ಮಾಡೋ ಹೆಂಗಸರೆಲ್ಲ ಅದನ್ನೇ ಮಾಡ್ತಿಲ್ವಾ? ಅವರು ಹಾಗೆ ಮಾಡಿದ್ರೇ ತಾನೆ ನಮಗೆ ಸಂಬಳ?"

ಒಂದೊಂದು ಮಾತೂ ಬಂಗಾರ. ಇನ್ನೂ ಹೇಳು, ಇನ್ನೂ ಹೇಳು ಅಂತ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಸಾಕಾಗಿ ಅವಳು ಹೋದ ಮೇಲೆ ಹೆಡ್‌ಫೋನಿನಲ್ಲಿ ಆ ತಾಯಿಯ ಉಸಿರು ಕೇಳಿಸಿತು. ಅಳು ನಿಂತಿತ್ತು.

"ಅವರು ನಿಮಗೆ ಹೇಳಿದ್ದಾ?"

"ಕ್ಷಮಿಸಿ. ನಿಮಗೆ ಕೇಳಿಸ್ತಾ?"

"ಎಲ್ಲ ಕೇಳಿಸ್ತು." ಆಮೇಲೆ "ನಾನೇನು ಮಾಡ್ಲಿ ಅಕ್ಕ, ನನ್ನ ಮಗುಗೆ?" ಅಂದಳು.

ಗಂಟೆಗೊಮ್ಮೆಯಾದರೂ ಎದೆಗೆ ಹಾಕಿಕೊ, ಕುಡಿದಷ್ಟೂ ಬರುತ್ತದೆ, ಹತ್ತಿರದ ಆಸ್ಪತ್ರೆಯ ನರ್ಸನ್ನು ಕೇಳು ಅಂತ ಹೇಳಬೇಕಿತ್ತು. ನನ್ನ ಮನಸ್ಸು ರೆಕಾರ್ಡಿನ ಮೇಲಿತ್ತು. "ನೀವು ದೂರು ಕೊಡಿ. ಇವತ್ತೇ ಕೊಡಿ" ಅಂದೆ.

ಮಾರ್ಚ್ 17, ಸೋಮವಾರ

ದೂರು ಕೊಡುವುದಿರಲಿ, ಆ ಹುಡುಗಿ ತನ್ನ ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡಿದ್ದಳಂತೆ. ಊರೆಲ್ಲ ಹರಡಿದೆ. ಬಸ್ಸಿನಲ್ಲಿ ಇಬ್ಬರು ಕೇಳುತ್ತಿದ್ದರು. "ಇದೇನು ಕೊಟ್ಟಿಗೆನಾ" ಅನ್ನುವುದು ಬಂದಾಗ ಮೈ ಜುಮ್ಮೆಂದಿತು. ಹೆಂಗಸರ ಸಂಘದವರು ಕಂಪನಿಯ ಬಾಗಿಲಿಗೆ ಬಂದರು, ಕಾರ್ಮಿಕ ಇಲಾಖೆಯ ಅಧಿಕಾರಿ ಬಂದು ಕ್ಯಾಲೆಂಡರು ತುಂಬಿದ ಕೋಣೆಯ ಫೋಟೋ ತೆಗೆದರು.

ಗಂಡ, "ಆ ದನಿ ನಿನ್ನದಲ್ವೇನೇ, ಕ್ಷಮಿಸಿ ಅಂದಿದ್ದು?" ಅಂತ ಕೇಳಿದ. "ಎಷ್ಟು ಮೆತ್ತಗಿದೆ. ಮನೇಲಿ ಒಂದಿನಾನೂ ಕೇಳಿಲ್ಲ."

ಮಾರ್ಚ್ 28, ಶುಕ್ರವಾರ

ಮ್ಯೂಟ್ ಮೇಡಂ ಗಂಟುಮೂಟೆ ಕಟ್ಟಿದಳು. ಕೆಲಸದಿಂದ ತೆಗೆದಿದ್ದಾರೆ. ಒಂದು ಚೀಲ, ಒಂದು ಕುಂಡ, ದೊಡ್ಡ ಮಗನ ಫೋಟೋ. ಯಾರೂ ಮಾತಾಡಿಸಲಿಲ್ಲ. ನಾನು ಬೇಕೆಂದೇ ಲಿಫ್ಟಿನ ಹತ್ತಿರ ನಿಂತಿದ್ದೆ, ಅವಳ ಮುಖ ಹತ್ತಿರದಿಂದ ನೋಡಬೇಕಿತ್ತು.

"ತಿರುಗಿ ಹೋಗೋವಾಗ ದೀಪ ಆರಿತ್ತು, ಆಮೇಲೆ ನೆನಪಾಯ್ತು" ಅಂದಳು. "ಹೇಳಬಹುದಿತ್ತು ಅವರಿಗೆ. ಹೇಳ್ಲಿಲ್ಲ. ಮಾತಾಡಿದ್ದು ನಾನೇ ಅಲ್ವಾ?"

ನಾನು ಲಿಫ್ಟಿನ ಗುಂಡಿಯನ್ನು ಇನ್ನೊಮ್ಮೆ ಒತ್ತಿದೆ.

"ಮಗು ಕುಡೀತಿದೆಯಾ?"

"ಕುಡೀತಿದೆ" ಅಂದೆ. ಅವಳಿಗೇಕೆ ಬೇಕು ಅದು? ಲಿಫ್ಟು ಬಂತು, ಹೋದಳು. ಇಷ್ಟು ದಿನ ಕಾದಿದ್ದ ಖುಷಿ ಯಾಕೋ ಬರಲಿಲ್ಲ. ಕ್ಷಮೆ ಕೇಳಿಕೊಂಡು ಅತ್ತಿದ್ದರೆ ಬರುತ್ತಿತ್ತು. ಅದನ್ನೂ ಅವಳು ಕೊಡದೆ ಹೋದಳು.

ಏಪ್ರಿಲ್ 2, ಬುಧವಾರ

ಪುಟ್ಟಿ ಎದೆಗೆ ಬಾಯಿ ಹಚ್ಚಿ ಎರಡು ಸಲ ಎಳೆದು, ಮುಖ ತಿರುಗಿಸಿ ಕಿರುಚಿದಳು. ಅತ್ತೆ ಏನೂ ಅನ್ನದೆ ಸೀಸೆ ತಂದು ಕೊಟ್ಟರು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಹಲ್ಲು ಬರುತ್ತಿರಬೇಕು.

ಏಪ್ರಿಲ್ 9, ಬುಧವಾರ

ಇವತ್ತು ಕೋಣೆ ಶುರುವಾಯಿತು. ಹೊಸ ಬಣ್ಣ, ಮೆತ್ತನೆಯ ಕುರ್ಚಿ, ಪರದೆ, ಕೈ ತೊಳೆಯಲು ನಲ್ಲಿ, ಹಾಲು ಇಡಲು ಪುಟ್ಟ ಫ್ರಿಜ್ಜು, ಒಳಗಿನಿಂದ ಚಿಲಕ. ಕೆಂಪು ಕಾರ್ಡನ್ನೂ ತೆಗೆದುಹಾಕಿದ್ದಾರೆ. ದೊಡ್ಡ ಸಾಹೇಬರು ಬಾಗಿಲಿನ ರಿಬ್ಬನ್ ಕತ್ತರಿಸಿ, ತಾಯಂದಿರ ಹಕ್ಕು ಅಂದರೆ ತಮಗೆ ಮೊದಲಿನಿಂದಲೂ ಪ್ರಾಣ ಅಂದರು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ.

"ಮೊದಲು ಇವಳೇ ಹೋಗ್ಲಿ. ಇವಳಿಂದ ತಾನೆ ಆಗಿದ್ದು" ಅಂತ ಪಕ್ಕದ ಸೀಟಿನ ಅಕ್ಕ ನನ್ನನ್ನು ಒಳಗೆ ತಳ್ಳಿದಳು.

ಚಿಲಕ ಹಾಕಿಕೊಂಡು ಕೂತೆ. ಗುಂಡಿ ಬಿಚ್ಚಿ ನರ್ಸಮ್ಮ ಹೇಳಿಕೊಟ್ಟ ಹಾಗೆ ಒತ್ತಿದೆ. ಬಲಗಡೆ ಏನೂ ಇಲ್ಲ. ಎಡಗಡೆ ಒಂದು ಹನಿ ಬಂದು ತುದಿಯಲ್ಲೇ ನಿಂತಿತು. ಪುಟ್ಟಿಯನ್ನು ನೆನೆಸಿಕೊಂಡರೆ ಬರುತ್ತದೆ ಅಂತಾರೆ. ನೆನೆಸಿಕೊಳ್ಳಲು ಹೋದರೆ ಕಣ್ಣ ಮುಂದೆ ಬಂದಿದ್ದು ಮ್ಯೂಟ್ ಮೇಡಂ ಮುಖ. ಇದನ್ನೂ ಅವಳೇ ಮಾಡಿದ್ದು. ಕೆಲಸ ಹೋದರೆ ಸಾಲದು ಅವಳಿಗೆ, ಇನ್ನೇನಾದರೂ ಮಾಡಬೇಕು.

ಬಾಗಿಲು ತಟ್ಟಿದ ಸದ್ದಾಯಿತು. "ಅಕ್ಕಾ, ಇನ್ನೂ ಹೊತ್ತಾಗುತ್ತಾ?" ಆಚೆ ಸಾಲಿನವಳ ದನಿ, ಮೊನ್ನೆ ತಾನೆ ರಜೆ ಮುಗಿಸಿ ಬಂದವಳು. "ಬೆಳಿಗ್ಗೆಯಿಂದ ತೆಗೆದಿಲ್ಲ. ತಡ್ಕೊಳ್ಳೋಕಾಗ್ತಿಲ್ಲ."

"ಇರಮ್ಮ" ಅಂದೆ. ಇದು ನಾನು ಗೆದ್ದ ಕೋಣೆ. ಗುಂಡಿ ಹಾಕಿಕೊಂಡು, ಪರದೆ ಎಳೆದುಕೊಂಡು ಸುಮ್ಮನೆ ಕೂತೆ. ಅವಳು ಮತ್ತೆ ತಟ್ಟಿದಳು. ಸ್ವಲ್ಪ ಹೊತ್ತಿನ ನಂತರ ತಟ್ಟುವುದನ್ನು ನಿಲ್ಲಿಸಿದಳು, ಹೋಗಲಿಲ್ಲ. ಬಾಗಿಲಿನ ಕೆಳಗೆ ಅವಳ ಚಪ್ಪಲಿ ಕಾಣುತ್ತಿತ್ತು.

ಚಿಲಕ ತೆಗೆದಾಗ ಎದುರಿಗೇ ನಿಂತಿದ್ದಳು, ಎರಡೂ ಕೈ ಎದೆಗೆ ಅಡ್ಡ ಕಟ್ಟಿಕೊಂಡು. ಬೆರಳುಗಳ ಸಂದಿನಲ್ಲಿ ಹಾಲು ಇಳಿದು ಅಂಗಿಯೆಲ್ಲ ತೊಯ್ದಿತ್ತು. ನನ್ನ ಅಂಗಿಯ ಮೇಲೆ ಒಂದು ಕಲೆಯೂ ಇರಲಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು "ಅಕ್ಕ, ದಾರಿ" ಅಂತ ಎರಡು ಸಲ ಹೇಳಬೇಕಾಯಿತು.